ಅಳಿಸಬೇಕೋ ಉಳಿಸಬೇಕೋ ಎಂಬ ಐದು ಹಾಡುಗಳು

ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ನಮ್ಮ ಮನೆಯ ಹಿಂಬದಿಗೆ ಒಂದು ಮಹಡಿ ಕೋಣೆಯಿದೆ. ಅದರ ಗೋಡೆಗಳಿಗೆ ನಾಲ್ವರು ಹುಡುಗರು ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ನೆಲಕ್ಕೆ ಹಳೆಯ ಜಮಖಾನ ಹಾಸಿ ನಮ್ಮ ಭಾನುವಾರದ ನಿದ್ದೆಗೆ ಸಂಚಕಾರ ತಂದಾಗ ಮನೆಯೊಡೆಯರಲ್ಲಿ ಮೊದಲು ದೂರು ಒಯ್ದವನು ನಾನೇ. ಎರಡೇ ವರ್ಷದಲ್ಲಿ ನನ್ನ ಮಗ ಅದೇ ಕೋಣೆಯಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ದೂರು ಕೊಟ್ಟವನ ಮನೆಯಿಂದಲೇ ಹೊರಟ ಸದ್ದು!

ಕಳೆದ ವರ್ಷ ಅವರು ಎಂಟು ಹಾಡುಗಳ ಆಲ್ಬಮ್ಮಿಗೆ ಕೈಹಾಕಿದರು. ಐದು ಹಾಡುಗಳಿಗೆ ಡ್ರಮ್ಸ್ ಧ್ವನಿಮುದ್ರಣ ಮುಗಿದಿತ್ತು, ಅಷ್ಟರಲ್ಲಿ ಮಗನಿಗೆ ವಿದೇಶದಲ್ಲಿ ನೌಕರಿ ದೊರೆಯಿತು. ತಂದೆಯಾಗಿ ನಾನು ನಿಟ್ಟುಸಿರು ಬಿಟ್ಟೆನೆಂಬುದನ್ನು ಮುಚ್ಚಿಡಲಾರೆ. ಆದರೆ ವಿಮಾನ ನಿಲ್ದಾಣದಿಂದ ಮರಳಿದ ರಾತ್ರಿ ಹಿಂದಿನ ಕೋಣೆ ನಿಶ್ಶಬ್ದವಾಗಿತ್ತು. ಆ ಮೌನ ನಾನು ಬಯಸಿದ್ದ ಮೌನವಾಗಿರಲಿಲ್ಲ.

ಹೆವಿ ಮೆಟಲ್ ಎಂದರೆ ಬರಿಯ ಗದ್ದಲವೆಂದು ತಿಳಿದಿದ್ದ ನನಗೆ ಈ ಊರಿನಲ್ಲೇ ಅದಕ್ಕೊಂದು ಚರಿತ್ರೆಯಿದೆ ಎಂಬುದು ತಿಳಿದದ್ದು ಆಮೇಲೆ. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಬೆಂಗಳೂರಿನಲ್ಲಿ ‘ಕ್ರಿಪ್ಟೋಸ್’ ತಂಡ ಕಟ್ಟಿದರು. ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ ಹೊರಬರಲು 2004 ಆಗಬೇಕಾಯಿತು. ಬಳಿಕ 2008, 2012, 2016, 2019, 2021ರಲ್ಲಿ ಒಂದೊಂದು, 2024ರಲ್ಲಿ ‘ಡೆಸಿಮೇಟರ್’. ಇಪ್ಪತ್ತು ವರ್ಷಗಳಲ್ಲಿ ಏಳು ಆಲ್ಬಮ್‌ಗಳು. 2013ರಲ್ಲಿ ಉತ್ತರ ಜರ್ಮನಿಯ ವಾಕೆನ್ ಎಂಬ ಹಳ್ಳಿಯ ಪ್ರಖ್ಯಾತ ಮೆಟಲ್ ಉತ್ಸವದ ವೇದಿಕೆಯನ್ನೂ ಈ ತಂಡ ಏರಿತು. ಈ ಅವಧಿಯಲ್ಲಿ ತಂಡದ ಮುಖಗಳು ಮಾತ್ರ ಹಾಗೆಯೇ ಉಳಿಯಲಿಲ್ಲ. ಡ್ರಮ್ಸ್ ಬಾರಿಸುವವರು ಬದಲಾದರು, ಬೇಸ್ ಗಿಟಾರ್ ಬೇರೆಯವರ ಕೈ ಸೇರಿತು, ಸ್ಥಾಪಕರಲ್ಲಿ ಒಬ್ಬರಾದ ಗಣೇಶ್ ಅವರೇ ಹೊರನಡೆದರು. ಉಳಿದದ್ದು ನೋಲನ್ ಮತ್ತು ತಂಡದ ಹೆಸರು.

ಗಣೇಶ್ ಸುಮ್ಮನೆ ಕೂರಲಿಲ್ಲ. 2010ರಲ್ಲಿ ಹುಟ್ಟಿದ ಇನ್ನೊಂದು ಬೆಂಗಳೂರು ತಂಡದ ಗಾಯಕರಾದರು. ಅದರ ಹೆಸರು ‘ಬೇವರ್ ಸೀ’. ಇಂಗ್ಲಿಷಿನಲ್ಲಿ ಬರೆದಾಗ ಯಾವುದೋ ಸಮುದ್ರದಂತೆ ಕಾಣುವ ಈ ಹೆಸರನ್ನು ಬಾಯಿಬಿಟ್ಟು ಓದಿದರೆ ನಮ್ಮ ಬೀದಿಯ ಬೈಗುಳ! ವಾರಸುದಾರರಿಲ್ಲದವನು ಎಂಬುದೇ ಆ ಪದದ ಮೂಲಾರ್ಥ. ಇಂಗ್ಲಿಷಿನಲ್ಲಿ ಹಾಡುವವರಿಗೆ ಊರಿನ ಪರಿವೆಯಿಲ್ಲ ಎಂದು ಆಡಿಕೊಳ್ಳುವವರು ಈ ಹೆಸರನ್ನೊಮ್ಮೆ ಗಮನಿಸಬೇಕು.

ಚಾಮರಾಜಪೇಟೆಯ ರಾಮನವಮಿ ಕಛೇರಿಗಳನ್ನು ಕೇಳುತ್ತ ಬೆಳೆದ ನನಗೆ ಪಕ್ಕವಾದ್ಯದವರು ಬದಲಾಗುವುದು ಹೊಸದಲ್ಲ. ಪಿಟೀಲಿನವರೂ ಮೃದಂಗದವರೂ ಗಾಯಕರನ್ನು ವೇದಿಕೆಯ ಮೇಲೆಯೇ ಮೊದಲ ಬಾರಿ ಭೇಟಿಯಾದರೂ ಕಛೇರಿ ರಂಗೇರುತ್ತದೆ. ರಾಗ, ತಾಳ, ಕೃತಿ ಎಲ್ಲರಿಗೂ ಸೇರಿದ ಸೊತ್ತು. ಮೆಟಲ್ ತಂಡಕ್ಕೆ ಅಂಥ ಪಿತ್ರಾರ್ಜಿತವಿಲ್ಲ. ಹಾಡು ಹುಟ್ಟುವುದೇ ಆ ನಾಲ್ವರು ಒಂದು ಕೋಣೆಯಲ್ಲಿ ಮತ್ತೆ ಮತ್ತೆ ಬಾರಿಸುವುದರಿಂದ. ಗಿಟಾರಿನ ತುಣುಕೊಂದಕ್ಕೆ ಡ್ರಮ್ಸ್ ಎಲ್ಲಿ ಒತ್ತು ಕೊಡಬೇಕು, ಎಲ್ಲಿ ತಡೆಯಬೇಕು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಸ್ಟುಡಿಯೋದಲ್ಲಿ ಸಾಮಾನ್ಯವಾಗಿ ಡ್ರಮ್ಸ್ ಮೊದಲು, ಅದರ ಮೇಲೆ ಗಿಟಾರುಗಳು, ಕೊನೆಗೆ ಕಂಠ. ಆದ್ದರಿಂದ ನಡುವೆ ಡ್ರಮ್ಮರ್ ಹೋದನೆಂದರೆ ಅಡಿಪಾಯವೇ ಎರಡು ಕೈಗಳದಾಗುತ್ತದೆ.

ಜಗತ್ತಿನ ದೊಡ್ಡ ತಂಡಗಳಿಗೂ ಈ ಪಾಡು ತಪ್ಪಿದ್ದಲ್ಲ. 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದ ‘ಐರನ್ ಮೇಡನ್’ ತಂಡದಲ್ಲಿ 1975ರ ಆರಂಭದಿಂದ ಬಿಡದೆ ಇದ್ದವರು ಸ್ಟೀವ್ ಹ್ಯಾರಿಸ್ ಒಬ್ಬರೇ. ಬಿಟ್ಟುಹೋಗಿದ್ದ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ 1999ರಲ್ಲಿ ಮರಳಿದಾಗ ಅವರ ಜಾಗಕ್ಕೆ ಬಂದಿದ್ದವರನ್ನು ಕಳಿಸಲಿಲ್ಲ, ಮೂರು ಗಿಟಾರುಗಳ ತಂಡವಾಯಿತು. ಈ ಸಂಗತಿ ನನಗೆ ಬಹಳ ಹಿಡಿಸಿತು. ನಮ್ಮ ಅವಿಭಕ್ತ ಕುಟುಂಬಗಳಿಗೂ ಅಷ್ಟು ಔದಾರ್ಯ ಇರಲಿಲ್ಲ.

ತಿಂಗಳ ಹಿಂದೆ ಮಹಡಿಯ ಹುಡುಗನೊಬ್ಬ ಬಾಗಿಲು ತಟ್ಟಿದ. ಜತೆಗೆ ಬನಶಂಕರಿಯಿಂದ ಬಂದಿದ್ದ ಒಬ್ಬ ಹುಡುಗಿ, ಹೊಸ ಡ್ರಮ್ಮರ್.

“ಅಂಕಲ್, ಅವನ ಸಿಂಬಲ್‌ಗಳು ನಿಮ್ಮ ಮನೇಲೇ ಇವೆಯಲ್ಲ, ಸ್ವಲ್ಪ ದಿನ ಕೊಡ್ತೀರಾ?”

ಅಟ್ಟದಿಂದ ಇಳಿಸಿ, ಧೂಳು ಒರೆಸಿ ಕೊಟ್ಟೆ. ಹೋಗುವಾಗ ಅವನು ಹಿಂಜರಿಯುತ್ತ ಹೇಳಿದ: “ಮೊದಲಿನ ಐದು ಹಾಡು ಇವಳ ಕೈಯಲ್ಲಿ ಮತ್ತೆ ಮಾಡಿಸಬೇಕಾ, ಅವನದ್ದೇ ಇಟ್ಟುಕೊಳ್ಳಬೇಕಾ ಗೊತ್ತಾಗ್ತಿಲ್ಲ. ಅವನನ್ನೇ ಕೇಳೋಕೆ ನಮಗೆ ಮನಸ್ಸು ಬರ್ತಿಲ್ಲ.” ಆ ಹುಡುಗಿ ನೆಲ ನೋಡುತ್ತಿದ್ದಳು. ಬೇರೊಬ್ಬನ ಹೊಡೆತಗಳ ಮೇಲೆ ತನ್ನ ಹೆಸರು ಕೂರುವುದು ಅವಳಿಗಾದರೂ ಹೇಗೆ ಒಪ್ಪಿಗೆಯಾದೀತು?

ಆ ಭಾನುವಾರ ಮಗನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದ.

“ಅಳಿಸೋಕೆ ಹೇಳಿ ಅಪ್ಪ. ಅವಳು ಬಾರಿಸಲಿ,” ಎಂದ.

ಮೂರು ವಾರಗಳಾದವು. ಆರನೆಯ ಹಾಡಿನ ತಾಲೀಮು ಹಿಂದಿನ ಕಿಟಕಿಯಿಂದ ಕೇಳಿಬರುತ್ತಿದೆ. ಮಗನ ಮಾತನ್ನು ನಾನಿನ್ನೂ ಆ ಮಹಡಿಗೆ ತಲುಪಿಸಿಲ್ಲ.