ಗಣವನ್ನು ಸೇರದ ವೀರರು

ಸಂಸ್ಕೃತದ ಧಾತುಪಾಠದಲ್ಲಿ ಕ್ರೀಡ್ ಎಂಬ ಧಾತುವಿಗೆ ವಿಹಾರವೆಂಬ ಅರ್ಥವು ಹೇಳಲ್ಪಟ್ಟಿದೆ. ಮನಬಂದಂತೆ ಅಡ್ಡಾಡುವುದೇ ಆಟವೆಂದಾಯಿತು. ಆದರೆ ಬಹುಜನರು ದೂರದೂರದ ಊರುಗಳಲ್ಲಿ ಕುಳಿತು, ಗಣಕಯಂತ್ರದ ಮೂಲಕ ಒಂದೇ ಲೋಕದಲ್ಲಿ ಪಾತ್ರಧಾರಿಗಳಾಗಿ ಸಂಚರಿಸುವ ಈಗಿನ ಆಟಗಳಲ್ಲಿ, ಈ ವಿಹಾರವು ಎಷ್ಟೋ ಮನೆಗಳಲ್ಲಿ ಉದ್ಯೋಗವಾಗಿ ಪರಿಣಮಿಸಿದೆ. ಊಟಕ್ಕೆ ಕರೆದ ತಾಯಿಗೆ ಮಗನು, “ತಾಳಮ್ಮ, ಹತ್ತೊಂಬತ್ತು ಮಂದಿ ನನ್ನೊಬ್ಬನಿಗಾಗಿ ಕಾದಿದ್ದಾರೆ” ಎನ್ನುವನು. ಮಾತು ಸುಳ್ಳಲ್ಲ, ಕಷ್ಟವೂ ಅದೇ.

2004ನೆಯ ಇಸವಿ ನವೆಂಬರಿನಲ್ಲಿ ಅಮೆರಿಕದ ಬ್ಲಿಜರ್ಡ್ ಸಂಸ್ಥೆಯವರು ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಸಾಯಂಕಾಲಗಳಲ್ಲಿ ನಾವೂ ಆಡುವುದುಂಟು. ಇದರಲ್ಲಿ ಆಟಗಾರರು ಕಟ್ಟಿಕೊಳ್ಳುವ ಕೂಟಕ್ಕೆ ಗಿಲ್ಡ್ ಎಂದು ಹೆಸರು. ಅಯ್ಯಾವೊಳೆಯ ಐನೂರ್ವರ ಶಾಸನಗಳನ್ನು ಬಲ್ಲ ವಾಚಕರಿಗೆ ಈ ಬಗೆಯ ಕಟ್ಟು ಹೊಸದಲ್ಲ. ಮೊದಲ ವರ್ಷಗಳಲ್ಲಿ ಮೋಲ್ಟನ್ ಕೋರ್ ಎಂಬ ಅಗ್ನಿಗುಹೆಗೆ ದಂಡೆತ್ತಲು 40 ಮಂದಿ ಕೂಡುತ್ತಿದ್ದರು. ಅಲ್ಲಿನ 10 ಪ್ರಮುಖ ದೈತ್ಯರು, ಕೊಂದರೂ ವಾರಕ್ಕೊಮ್ಮೆ ಮರಳಿ ಹುಟ್ಟುವರು. ದೊರೆಯುವ ಆಯುಧಾಭರಣಗಳು ಕೆಲವೇ, ಚಾಚಿದ ಕೈಗಳು ನಲವತ್ತು. ಆದುದರಿಂದ ಅನೇಕ ಕೂಟಗಳು ಹಾಜರಿಗೆ ಅಂಕಗಳನ್ನಿತ್ತು, ಆ ಅಂಕಗಳನ್ನು ತೆತ್ತವರಿಗೆ ಆಯುಧವೆಂಬ ಕಟ್ಟಳೆಯನ್ನು ಮಾಡಿದುವು. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಆಟದ ಕೂಟಗಳಲ್ಲಿ ಹುಟ್ಟಿದ ಪದ್ಧತಿಯಿದು. ಬಹುಕಾಲ ಹಾಜರಿಪುಸ್ತಕವನ್ನು ಬರೆದು ಬೇಸತ್ತ ನಮಗೆ, ಆಟದಲ್ಲಿಯೂ ಅದೇ ಎಂದು ಕೇಳಿ ನಗು ಬಂದಿತು.

ಗೃಹಸ್ಥರಿಗೊಪ್ಪುವ ಮಾರ್ಗವೂ ಇದರಲ್ಲಿಯೇ ಮೊದಲಿನಿಂದ ಇದೆ. ಆಟವನ್ನು ನಿಲ್ಲಿಸುವಾಗ ತನ್ನ ಪಾತ್ರವನ್ನು ಛತ್ರವೊಂದರಲ್ಲಿ ಬಿಟ್ಟುಬಂದರೆ ಅದು ಅಲ್ಲಿ ವಿಶ್ರಮಿಸುತ್ತಿರುವುದು. ಒಂದು ಮೆಟ್ಟಿಲೇರಲು ಎಷ್ಟು ಅನುಭವ ಬೇಕೋ ಅದರಲ್ಲಿ ನೂರಕ್ಕೆ 5ರಷ್ಟು ವಿಶ್ರಾಂತಿಫಲವು ಎಂಟು ಗಂಟೆಗೊಮ್ಮೆ ಕೂಡುತ್ತ, ಹತ್ತು ದಿನಗಳಲ್ಲಿ ಒಂದೂವರೆ ಮೆಟ್ಟಿಲಿನಷ್ಟಾಗಿ ನಿಲ್ಲುವುದು. ಆ ನಿಧಿಯು ತೀರುವತನಕ ಶತ್ರುವಧೆಯಿಂದ ಬರುವ ಅನುಭವವು ಇಮ್ಮಡಿ. ಮನೆಯಲ್ಲಿ ಮದುವೆಯೆಂದು ಹತ್ತು ದಿನ ಆಟವನ್ನೇ ಮರೆತವನು ಮರಳಿದಾಗ ಗಂಟು ಕಾದಿರುವುದು. ಈ ಏರ್ಪಾಡನ್ನು ಕಲ್ಪಿಸಿದವರು ಸಂಸಾರಿಗಳಾಗಿರಬೇಕೆಂದು ನಮ್ಮ ಊಹೆ.

2009ರ ಡಿಸೆಂಬರಿನಿಂದ, ಯಾರ ಪರಿಚಯವೂ ಇಲ್ಲದವನು ಹೆಸರು ಕೊಟ್ಟರೆ ಸಾಕು, ಯಂತ್ರವೇ ಐವರನ್ನು ಕೂಡಿಸುವುದು: ಪೆಟ್ಟು ತಾಳುವವನೊಬ್ಬ, ಗಾಯ ಮಾಯಿಸುವವನೊಬ್ಬ, ಹೊಡೆಯುವವರು ಮೂವರು. 2011ರಲ್ಲಿ 25 ಮಂದಿಯ ದಂಡಯಾತ್ರೆಗೂ ಇಂತಹುದೇ ಅನುಕೂಲವಾಯಿತು. 2024ರಲ್ಲಿ ಯಂತ್ರವೇ ನಡೆಸುವ ಸಂಗಡಿಗರೊಡನೆ ಒಬ್ಬನೇ ಕೆಲವು ಗುಹೆಗಳನ್ನು ಹೊಗುವಂತಾಯಿತು.

ಹಾಗೆಂದು ಕೂಟವೇ ವ್ಯರ್ಥವೆನ್ನಲಾರೆವು. ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣನು ಸ್ನಾಯುಗಳು ಕ್ಷಯಿಸುವ ರೋಗದಿಂದ ಗಾಲಿಕುರ್ಚಿಯಲ್ಲಿಯೇ ದಿನಗಳೆದು, 2014ರಲ್ಲಿ 25ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗನು ಒಂಟಿಯಾಗಿ ಬಾಳಿದನೆಂದು ತಂದೆತಾಯಿಗಳು ಮರುಗುತ್ತಿದ್ದರು. ಆದರೆ ಅವನು ತೀರಿದ ಸುದ್ದಿ ಹೊರಬಿದ್ದೊಡನೆ, ಇದೇ ಆಟದ ಸ್ಟಾರ್‌ಲೈಟ್ ಎಂಬ ಗಿಲ್ಡಿನ ಗೆಳೆಯರಿಂದ ಸಂತಾಪದ ಓಲೆಗಳು ಬಂದುವು; ಕೆಲವರು ಪರದೇಶಗಳಿಂದ ಉತ್ತರಕ್ರಿಯೆಗೇ ಬಂದರು. 2024ರಲ್ಲಿ ಈ ವೃತ್ತಾಂತವು ಚಲನಚಿತ್ರವೂ ಆಯಿತು. ಹೊಸ್ತಿಲು ದಾಟಲಾರದವನಿಗೆ ಆ ಕೂಟವು ಬಂಧುಬಳಗವೇ ಆಗಿದ್ದಿತು. ಹೊಸ್ತಿಲೊಳಗೆ ಎಲೆ ಹಾಕಿ ಕಾಯುವವರುಳ್ಳವನ ಮಾತು ಬೇರೆ.

ಕೂಟವನ್ನು ಸೇರದವನಿಗೆ ಋಣವೇ ಇಲ್ಲವೆಂದು ಮಾತ್ರ ತಿಳಿಯಲಾಗದು. ಐವರಲ್ಲಿ ಒಬ್ಬನಾಗಿ ಗುಹೆಯನ್ನು ಹೊಕ್ಕ ಬಳಿಕ ಗಾಯ ಮಾಯಿಸುವವನು ಎದ್ದುಹೋದರೆ, ಉಳಿದ ನಾಲ್ವರ ಪಾಡೇನು? ನಡುವೆ ಬಿಟ್ಟವನಿಗೆ ‘ಓಡಿಹೋದವನು’ ಎಂಬ ಗುರುತು ಹತ್ತಿ, ಕೆಲಹೊತ್ತು ಮತ್ತೆ ಪ್ರವೇಶ ದೊರೆಯದು. ನ್ಯಾಯವಾದ ದಂಡನೆಯೇ ಸರಿ. ಬರುವುದೂ ಬಾರದಿರುವುದೂ ನಮ್ಮಿಚ್ಛೆ. ಬಂದ ಮೇಲಿನ ಅರ್ಧ ಗಂಟೆ ನಾಲ್ವರ ಸೊತ್ತು.

ನಮ್ಮ ಬೀದಿಯ ಗೃಹಿಣಿಯೊಬ್ಬರು ಒಲೆಯಿಂದ ಕುಕ್ಕರನ್ನು ಇಳಿಸಿದ ಮೇಲೆಯೇ ಗುಹೆಗೆ ಹೆಸರು ಕೊಡುವರು. ಅನ್ನ ಬೇಯುವಷ್ಟು ಹೊತ್ತು, ಆ ಲೋಕದ ಕೆರೆಯೊಂದಕ್ಕೆ ಗಾಳ ಹಾಕಿ ಮೀನು ಹಿಡಿಯುತ್ತ ಕೂರುವರು, ಎದ್ದುಹೋದರೆ ಕೇಳುವವರಿಲ್ಲ. ಅವರದು ಶುದ್ಧ ಸಸ್ಯಾಹಾರಿಗಳ ಮನೆ. ಹಿಡಿದ ಮೀನನ್ನೆಲ್ಲ ಅಲ್ಲಿನ ಹರಾಜುಕಟ್ಟೆಯಲ್ಲಿ ಮಾರಿಬಿಡುವರಂತೆ.