ಮಾತಿಲ್ಲದ ಮದುವಣಗಿತ್ತಿ

1931ರಲ್ಲಿ ಬಂದ ಹಾಲಿವುಡ್‌ನ ಭಯಾನಕ ಚಿತ್ರ 'ಫ್ರಾಂಕನ್‌ಸ್ಟೈನ್'. ಅದರ ಆರಂಭದ ಹೆಸರುಗಳನ್ನು ಗಮನವಿಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಕಾದಂಬರಿ ಬರೆದಾಕೆ ಮೇರಿ ಶೆಲ್ಲಿ. ತೆರೆಯ ಮೇಲಿರುವುದು 'ಶ್ರೀಮತಿ ಪರ್ಸಿ ಬಿ. ಶೆಲ್ಲಿ'. ಹದಿನೆಂಟರ ಹರೆಯದಲ್ಲಿ ಆಕೆ ಬರೆಯತೊಡಗಿದ ಆ ಪುಸ್ತಕ 1818ರಲ್ಲಿ ಲೇಖಕಿಯ ಹೆಸರೇ ಇಲ್ಲದೆ ಪ್ರಕಟವಾಗಿತ್ತು. 113 ವರ್ಷಗಳ ನಂತರ ಸಿಕ್ಕಿದ್ದು ಗಂಡನ ಹೆಸರು!

ನಿರ್ದೇಶಕ ಜೇಮ್ಸ್ ವೇಲ್ ಅವರ ಈ ಚಿತ್ರದಲ್ಲಿ ಗೂನುಬೆನ್ನಿನ ಸಹಾಯಕ ಫ್ರಿಟ್ಸ್ ಮಿದುಳು ಕದಿಯಲು ಹೋಗುತ್ತಾನೆ. ಒಳ್ಳೆಯ ಮಿದುಳಿನ ಜಾಡಿ ಕೈಜಾರಿ ಒಡೆದುಹೋಗಿ, ಅಪರಾಧಿಯ ಮಿದುಳನ್ನು ಹೊತ್ತು ತರುತ್ತಾನೆ. ಅಲ್ಲಿಗೆ, ಬೋರಿಸ್ ಕಾರ್ಲೋಫ್ ಅಭಿನಯಿಸಿದ ಆ ಜೀವಿ ಹುಟ್ಟುವ ಮೊದಲೇ ಕೆಟ್ಟದ್ದೆಂದು ತೀರ್ಮಾನವಾಯಿತು. ಕಾದಂಬರಿಯಲ್ಲಿ ಇಂಥ ಮಿದುಳಿನ ಪ್ರಸ್ತಾಪವೇ ಇಲ್ಲ. ಅಲ್ಲಿ ಆ ಜೀವಿ ಮರೆಯಲ್ಲಿ ನಿಂತು ಭಾಷೆ ಕಲಿಯುತ್ತದೆ, ಪುಸ್ತಕ ಓದುತ್ತದೆ. ಮುಖ ಕಂಡೊಡನೆ ಜನ ಹೊಡೆದಟ್ಟಿದ ಮೇಲೆ ಕ್ರೂರವಾಗುತ್ತದೆ.

ವೇಲ್ ಅವರೇ 1935ರಲ್ಲಿ ತೆಗೆದ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್' ಹೆಚ್ಚು ಅಂತಃಕರಣದ ಚಿತ್ರ. ಕುರುಡ ಸನ್ಯಾಸಿಯೊಬ್ಬ ಆ ಜೀವಿಗೆ ಉಣಬಡಿಸಿ, ಮಾತು ಕಲಿಸುತ್ತಾನೆ. ಕಣ್ಣಿದ್ದವರು ಗುಡಿಸಲಿಗೆ ಕಾಲಿಟ್ಟೊಡನೆ ಆ ಸ್ನೇಹ ಮುಗಿಯುತ್ತದೆ.

ಆದರೆ ಮದುವಣಗಿತ್ತಿಯ ಗತಿ ನೋಡಿ. ಚಿತ್ರಕ್ಕೆ ಆಕೆಯದೇ ಹೆಸರು, ಬರುವುದು ಮಾತ್ರ ಕೊನೆಯ ಕೆಲವೇ ನಿಮಿಷ. ಆಕೆಯನ್ನು ಸೃಷ್ಟಿಸಿದವರು ಇಬ್ಬರು ಗಂಡಸರು. ಯಾರ ಜೊತೆಗಾತಿಯೆಂದು ಗೊತ್ತುಮಾಡಿದವರೂ ಅವರೇ. ವರನನ್ನು ಕಂಡು ಆಕೆ ಚೀರುತ್ತಾಳೆ. ಬೇಡವೆನ್ನಲು ಆಕೆಗೆ ಕೊಟ್ಟಿರುವ ಭಾಷೆ ಅದೊಂದೇ. ತಿರಸ್ಕೃತನಾದ ವರ ಸನ್ನೆಕೋಲು ಎಳೆದು, ಆಕೆಯೂ ಸೇರಿದಂತೆ ಪ್ರಯೋಗಶಾಲೆಯನ್ನೇ ಸ್ಫೋಟಿಸುತ್ತಾನೆ. ಮಕ್ಕಳೊಡನೆ ಕುಳಿತು ನೋಡುವ ಪಾಲಕರು ಇಲ್ಲಿ ಒಂದು ಕ್ಷಣ ಚಿತ್ರ ನಿಲ್ಲಿಸಿ, ಇವಳಿಗೇಕೆ ಮಾತಿಲ್ಲ ಎಂದು ಕೇಳಬಹುದು.

ತಮಾಷೆಯೆಂದರೆ, ಮೇರಿ ಶೆಲ್ಲಿ ಇದನ್ನು ಮೊದಲೇ ಊಹಿಸಿದ್ದರು. ಕಾದಂಬರಿಯ ವಿಜ್ಞಾನಿ ಹೆಣ್ಣುಜೀವಿಯನ್ನು ಅರ್ಧದಲ್ಲೇ ಹರಿದುಹಾಕುತ್ತಾನೆ. ಅವಳಿಗೆ ಸ್ವಂತ ಬುದ್ಧಿಯಿದ್ದು, ತಾನು ಹುಟ್ಟುವ ಮೊದಲು ಇವರು ಮಾಡಿಕೊಂಡ ಒಪ್ಪಂದ ಒಪ್ಪದಿದ್ದರೆ ಎಂಬುದೂ ಅವನ ಭಯಗಳಲ್ಲೊಂದು.

ಮುಂದೆ 1968ರಲ್ಲಿ ಜಾರ್ಜ್ ರೊಮೆರೊ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರಕ್ಕೆ ಕಪ್ಪು ನಟ ಡ್ವೇನ್ ಜೋನ್ಸ್ ಅವರನ್ನು ನಾಯಕನನ್ನಾಗಿ ಮಾಡಿದರು. ಅಮೆರಿಕದಲ್ಲಿ ಆಗ ಅದು ದಿಟ್ಟ ಹೆಜ್ಜೆ. ಹೆಣಗಳ ಕಾಟದಿಂದ ಪಾರಾದ ನಾಯಕ, ಬೆಳಗಾದ ಮೇಲೆ ರಕ್ಷಿಸಬಂದವರ ಗುಂಡಿಗೇ ಬಲಿಯಾಗುತ್ತಾನೆ. ಅಷ್ಟು ಧೈರ್ಯವಿದ್ದ ಚಿತ್ರದಲ್ಲೂ ನಾಯಕಿ ಬಾರ್ಬರಾ ಬಹುಪಾಲು ಸೋಫಾದ ಮೇಲೆ ದಿಗ್ಭ್ರಾಂತಳಾಗಿ ಕುಳಿತಿರುತ್ತಾಳೆ. ಅವಳು ಎದ್ದು ಬಂದೂಕು ಹಿಡಿದದ್ದು 1990ರ ಮರುನಿರ್ಮಾಣದಲ್ಲಿ. ಅದರ ಚಿತ್ರಕಥೆಯೂ ರೊಮೆರೊ ಅವರದೇ.