ಎಕರೆ, ಗುಂಟೆ ಮತ್ತು ಕೃತಕ ಬುದ್ಧಿಮತ್ತೆ

ಸೇಡಂನ ರೈತನೊಬ್ಬನಿಗೆ ಎರಡು ತುಂಡು ಹೊಲಗಳಿವೆ ಎಂದಿಟ್ಟುಕೊಳ್ಳಿ. ಒಂದು 2 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 20 ಗುಂಟೆ. ಕಡತದಲ್ಲಿ ಇವನ್ನು 2.30, 1.20 ಎಂದು ಬರೆಯುವುದುಂಟು. ಎಕರೆಗೆ 40 ಗುಂಟೆಯಾದ್ದರಿಂದ ಒಟ್ಟು 4 ಎಕರೆ 10 ಗುಂಟೆ. ಆದರೆ ಆ ಚುಕ್ಕೆಯನ್ನು ದಶಮಾಂಶವೆಂದು ತಿಳಿದ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಮೂರೂವರೆ ಎಕರೆ! ರೈತನ 30 ಗುಂಟೆ ಕಾಗದದಲ್ಲೇ ಕರಗಿಹೋಯಿತು.

ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದ ಕ್ಷಣದಲ್ಲೇ ಪ್ರೋಗ್ರಾಂ ಬರೆದುಕೊಡುತ್ತವೆ. ಎಕರೆಗೆ 40 ಗುಂಟೆ ಎಂಬುದೂ ಅವಕ್ಕೆ ಗೊತ್ತಿರಬಹುದು. ಆದರೆ ಈ ಕಡತದಲ್ಲಿ ಚುಕ್ಕೆಯ ಅರ್ಥವೇನು ಎಂಬುದನ್ನು ಕಡತ ಬಲ್ಲವರೇ ಹೇಳಬೇಕು. ಹಾಗಾದರೆ ತಂತ್ರಾಂಶ ರಚನೆಯಲ್ಲಿ ನಿಜವಾದ ಕೆಲಸ ಯಾವುದು?

ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2000ದ ಆಸುಪಾಸಿನಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಲ್ಲಿ ಪ್ರೋಗ್ರಾಂ ಬರೆದದ್ದಕ್ಕಿಂತ ದೊಡ್ಡ ದುಡಿಮೆ ಬೇರೆಯಿತ್ತು. ಮುದ್ರಿತ ಪ್ರತಿಯನ್ನು ಗ್ರಾಮ ಲೆಕ್ಕಿಗರು ಕೈಬರಹದ ಪಹಣಿಯೊಂದಿಗೆ ತಾಳೆ ನೋಡಬೇಕಿತ್ತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವೂ ಮನುಷ್ಯರ ತೀರ್ಮಾನವೇ. ಪ್ರೋಗ್ರಾಂ ಅದನ್ನು ಪಾಲಿಸಿತು, ಅಷ್ಟೆ.

ಕೆಲಸ ಅಲ್ಲಿಗೂ ನಿಲ್ಲುವುದಿಲ್ಲ. 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. ಮುಂದೆ ಶಹಾಬಾದ್ ಚಿತ್ತಾಪುರದಿಂದ ಬೇರ್ಪಟ್ಟು ತಾಲ್ಲೂಕಾಯಿತು. ವಾಡಿ ಚಿತ್ತಾಪುರದಲ್ಲೇ ಉಳಿಯಿತು. ಹೊಸ ಪಹಣಿಗೆ ಹೊಸ ಹೆಸರು ಬೇಕು, ಹಳೆಯ ದಾಖಲೆಯ ಹೆಸರು ಅಳಿಸಬಾರದು. ಹೀಗೆ ವರ್ಷಗಟ್ಟಲೆ ತಿದ್ದಿ ಕಾಪಾಡುವುದೇ ತಂತ್ರಾಂಶದ ಬಹುಪಾಲು ಬದುಕು.

ವೇಗದ ಮಾತಿನಲ್ಲೂ ಎಚ್ಚರ ಬೇಕು. 2025ರಲ್ಲಿ ಅಮೆರಿಕದ 'ಮೀಟರ್' ಸಂಸ್ಥೆ 16 ಮಂದಿ ಅನುಭವಿಗಳಿಗೆ ಅವರಿಗೆ ಪರಿಚಿತವಾದ ತಂತ್ರಾಂಶಗಳಲ್ಲೇ 246 ಕೆಲಸ ಕೊಟ್ಟು ನೋಡಿತು. ಈ ಸಾಧನಗಳನ್ನು ಬಳಸಿದಾಗ ಶೇಕಡಾ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಅವರು ಮಾತ್ರ ಶೇಕಡಾ 20ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು. ಸಾಧನಗಳು ದಿನೇದಿನೇ ಸುಧಾರಿಸುತ್ತಿವೆ, ನಿಜ. ಆದರೆ ಅನಿಸಿಕೆ ಅಳತೆಯಲ್ಲ ಎಂಬ ಪಾಠ ಉಳಿಯುತ್ತದೆ.

ಹಾಗೆಂದು ಇವು ನಿರುಪಯುಕ್ತವಲ್ಲ. ಹಳೆಯ ಪ್ರೋಗ್ರಾಂ ಓದಿ ವಿವರಿಸಲು, ಮೇಲಿನ ಗುಂಟೆ ಲೆಕ್ಕದಂಥ ಹತ್ತಾರು ಪರೀಕ್ಷೆಗಳನ್ನು ಬರೆಯಲು ಬಲು ನೆರವಾಗುತ್ತವೆ. ಆದರೆ ಉತ್ತರ 4 ಎಕರೆ 10 ಗುಂಟೆಯೇ ಆಗಬೇಕೆಂದು ಪಟ್ಟುಹಿಡಿಯುವವರು ಬೇಕು. ಚಿಂಚೋಳಿಯ ತೊಗರಿ ಬೆಳೆಗಾರನ ಬ್ಯಾಂಕ್ ಸಾಲವೂ ಬೆಳೆ ವಿಮೆಯೂ ನಿಂತಿರುವುದು ಪಹಣಿಯ ಆ ಒಂದು ಸಾಲಿನ ಮೇಲೆ.